ಹೂಂಗುಟ್ಟಲು ಒಬ್ಬರು

ಬೆರಣಿ ಸುಟ್ಟ ಹೊಗೆಯ ವಾಸನೆ ಬಂದರೆ ಎಲ್ಲರಿಗೂ ಊರು ನೆನಪಾಗುತ್ತದಂತೆ. ನನಗೆ ಸಿಯಾಟಲ್ ನೆನಪಾಗುತ್ತದೆ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಈ ವರ್ಷ ಸೋದರಮಾವನ ಮಗಳ ಮದುವೆಗೆಂದು ಪಾಂಡವಪುರದ ಕಡೆ ಹೋಗಿದ್ದಾಗ, ಬೆಳಿಗ್ಗೆ ಹಿತ್ತಿಲಲ್ಲಿ ಯಾರೋ ನೀರೊಲೆಗೆ ಎರಡು ಬೆರಣಿ ಮುರಿದು ಹಾಕಿದರು. ಆ ಮಂದವಾದ, ಸ್ವಲ್ಪ ಸಿಹಿಯಾದ, ಬಟ್ಟೆಗೆ ಅಂಟಿಕೊಂಡರೆ ಎರಡು ದಿನ ಬಿಡದ ಹೊಗೆ ಮೂಗಿಗೆ ತಾಗಿದ್ದೇ ತಡ, ನಾನು ಹಲ್ಲುಜ್ಜುವುದನ್ನು ನಿಲ್ಲಿಸಿ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಕಣ್ಣ ಮುಂದೆ ಬಂದದ್ದು ಸಿಯಾಟಲ್ ಬಳಿಯ ಈಸ್ಟ್‌ಗೇಟಿನಲ್ಲಿ ನಮ್ಮ ಪಕ್ಕದ ಮನೆ. ಅಲ್ಲಿನ ಇಟ್ಟಿಗೆಯ ಬೆಂಕಿಗೂಡು. ಅದರೆದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಇಬ್ಬರು ಮುದುಕಿಯರು. ಒಬ್ಬಳು ನನ್ನ ತಾಯಿಯ ತಾಯಿ, ನಿಂಗಮ್ಮ. ಇನ್ನೊಬ್ಬಳು ನೋರಾ, ಐರ್ಲೆಂಡಿನವಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಒಂದಕ್ಷರವೂ ಬಾರದು. ಇಬ್ಬರೂ ಈಗಿಲ್ಲ. ಅವರ ಬಾಯಲ್ಲಿದ್ದದ್ದೂ ಇಲ್ಲ. ಅದು ಇಲ್ಲವಾದದ್ದರಲ್ಲಿ ನನ್ನ ಕೈಯೂ ಇದೆ. ಅದನ್ನು ಯಾರಿಗಾದರೂ ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮೂರನೇ ತರಗತಿಯವರೆಗೆ ಮಂಡ್ಯದ ಕನ್ನಡ ಶಾಲೆಯಲ್ಲಿ ಓದಿದವಳು. ಎಂಟು ವರ್ಷಕ್ಕೆ ಅಪ್ಪ ಅಮ್ಮ ನನ್ನನ್ನೂ ಅಜ್ಜಿಯನ್ನೂ ಒಟ್ಟಿಗೇ ಅಮೆರಿಕಕ್ಕೆ ಕರೆದುಕೊಂಡು ಹೋದರು. ಅಮ್ಮನ ಆಫೀಸು ಪಕ್ಕದ ಬಡಾವಣೆ ಫ್ಯಾಕ್ಟೋರಿಯಾದಲ್ಲಿ, ಅಪ್ಪನದು ಸರೋವರದ ಸೇತುವೆ ದಾಟಿ ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನಲ್ಲಿ. ಇಬ್ಬರೂ ಬರುವಷ್ಟರಲ್ಲಿ ಏಳು ಗಂಟೆಯಾಗುತ್ತಿತ್ತು. ಹಾಗಾಗಿ ಶಾಲೆಯಿಂದ ಬಂದ ಮೇಲೆ ಮನೆಯಲ್ಲಿ ನಾನು ಮತ್ತು ಅಜ್ಜಿ, ಇಬ್ಬರೇ. ನಮ್ಮ ಹಿತ್ತಿಲ ಬೇಲಿಯ ಆಚೆ ಇಳಿಜಾರು, ಇಳಿಜಾರಿನ ಕೆಳಗೆ ದೊಡ್ಡ ರಸ್ತೆ. ಹಗಲೂ ರಾತ್ರಿ ಅದರದೊಂದೇ ಸದ್ದು. ಮೊದಲ ದಿನ ಅಜ್ಜಿ ಕಿಟಕಿಗೆ ಕಿವಿಗೊಟ್ಟು, "ನಾಲೆಗೆ ನೀರ್ ಬುಟ್ಟವ್ರೆ ಕನ್ಮಗ" ಎಂದಿದ್ದಳು. ಅದು ಕಾರುಗಳ ಸದ್ದು ಎಂದು ತಿಳಿದ ಮೇಲೂ ಅವಳು ನಾಲೆ ಎಂದೇ ಕರೆದಳು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅವರ ಪಾಲಿಗೆ ಅದು ಬರೀ ರಸ್ತೆಯ ಗದ್ದಲವಾಗಿರಬೇಕು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಹೊಟ್ಟೆ ತುಂಬ ಕತೆಗಳಿದ್ದವು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಕೊಕ್ಕರೆ ರಾಣಿಯ ಕತೆ. ಮಾತು ಸ್ವಲ್ಪ, ಹಾಡುವ ಪದ ಸ್ವಲ್ಪ, ಪೂರ್ತಿ ಹೇಳಲು ಏಳು ದಿನ ಬೇಕು. ಕೊನೆಯ ದಿನದ ಭಾಗವನ್ನು ಮಾತ್ರ, ನೀನು ಇನ್ನೂ ದೊಡ್ಡವಳಾಗು ಎಂದು, ನನಗೆ ಹೇಳದೆ ಉಳಿಸಿಕೊಂಡಿದ್ದಳು. ಇಂಡಿಯನ್ ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೆನೆಸಿ, ಒಂದೊಂದೇ ಹಿತುಕುತ್ತಾ ಅವಳು ಕತೆ ಶುರು ಮಾಡುತ್ತಿದ್ದಳು. ಸವತಿಯ ಶಾಪದಿಂದ ರಾಣಿ ಕೊಕ್ಕರೆಯಾಗುತ್ತಾಳೆ. ಊರ ಕೆರೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲಬೇಕು, ಇನ್ನೊಂದು ಕಾಲು ಊರಿದರೆ ಕೆರೆ ಬತ್ತುತ್ತದೆ. ಹೆತ್ತ ಮಗ ದೊಡ್ಡವನಾಗಿ ಕೆರೆಯ ಏರಿಗೆ ಬರುವವರೆಗೂ ಹಾಗೇ ನಿಂತಿರಬೇಕು. ಫ್ಯಾಕ್ಟೋರಿಯಾದ ಹಿಂದಿನ ಜೌಗಿನಲ್ಲಿ ನೀಲಿ ಬೂದು ಕೊಕ್ಕರೆ ನಿಂತದ್ದು ಕಂಡರೆ ಅಜ್ಜಿ ಕಾರಿನೊಳಗಿಂದಲೇ ಕೈ ಮುಗಿಯುತ್ತಿದ್ದಳು. ಕತೆ ಕೇಳುವುದಕ್ಕೆ ಅವಳದೊಂದು ಕಟ್ಟುನಿಟ್ಟು ಇತ್ತು. ಪ್ರತಿ ಮಾತಿಗೂ ಹೂಂಗುಟ್ಟಬೇಕು. ನಾನು ಒಂದು ಸಲ ಮರೆತರೆ ಅವಳ ಕೈಯೂ ಬಾಯಿಯೂ ಒಟ್ಟಿಗೇ ನಿಲ್ಲುತ್ತಿದ್ದವು. "ಹೂಂಗುಟ್ಟೋರಿಲ್ದೆ ಕತೆ ಯೋಳದು ಗ್ವಾಡೆ ಕೂಡೆ ಮಾತಾಡ್ದಂಗೆ. ಅರ್ಧಕ್ಕೆ ಬುಟ್ರೆ ಕತೇಲಿರೋರು ಅಲ್ಲಲ್ಲೇ ನಿಂತೋಯ್ತಾರೆ, ಪಾಪ" ಎನ್ನುತ್ತಿದ್ದಳು. ಆಗ ನಾನು ಹೆದರಿ ಎರಡೆರಡು ಸಲ ಹೂಂ ಅನ್ನುತ್ತಿದ್ದೆ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಅಮ್ಮ ಒಂದು ತೀರ್ಮಾನ ಮಾಡಿದಳು. ಅಮ್ಮನನ್ನು ನಾನು ದೂರುವುದಿಲ್ಲ. ಶಾಲೆಯಲ್ಲಿ ನಾನು ಬಾಯಿ ಬಿಡದೆ ಕೂರುತ್ತಿದ್ದೆ, ಊಟದ ಡಬ್ಬಿಯನ್ನು ಶೌಚಾಲಯದಲ್ಲಿ ತಿಂದು ಬರುತ್ತಿದ್ದೆ, ಅವಳಿಗೆ ಹೊಟ್ಟೆ ಉರಿಯುತ್ತಿತ್ತು. "ಒಂದೇ ಒಂದು ವರ್ಷ ಮನೇಲೂ ಇಂಗ್ಲಿಷಲ್ಲೇ ಮಾತಾಡೋಣ. ಅವಳು ಸೆಟಲ್ ಆಗ್ಲಿ. ಕನ್ನಡ ಎಲ್ಲಿಗೆ ಹೋಗುತ್ತೆ, ಅವ್ವ ಇದಾಳಲ್ಲ" ಎಂದಳು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ನಾನು ಸೆಟಲ್ ಆದೆ, ಚೆನ್ನಾಗಿಯೇ ಆದೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಮೊದಲು ಆಟವಾಗಿತ್ತು, ನಂತರ ಅಭ್ಯಾಸವಾಯಿತು, ಹನ್ನೊಂದು ತುಂಬುವಷ್ಟರಲ್ಲಿ ಹಟವಾಗಿತ್ತು. ಕತೆಗೆ ಕುಳಿತರೂ ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಹೂಂ ಎನ್ನಬೇಕಾದ ಕಡೆ "ಓಕೆ" ಎನ್ನುತ್ತಿದ್ದೆ. ಅಜ್ಜಿ ಒಂದೆರಡು ಸಲ ಸಹಿಸಿಕೊಂಡಳು. ಕೊಕ್ಕರೆ ರಾಣಿಯ ಮಗ ಕೆರೆ ಏರಿಯ ಮೇಲೆ ಬಂದು ನಿಂತ ದಿನ, ರಾಣಿ ಕೊಕ್ಕು ತೆರೆದಳು ಎನ್ನುವಲ್ಲಿಗೆ ಕತೆ ನಿಲ್ಲಿಸಿ, ಅವರೆಕಾಳಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ನನಗೆ ಕತೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ನೋರಾಳ ಮನೆಯಿಂದ ಹೊಗೆ ಬಂತು. ಬುಧವಾರ ನಮಗೆ ಶಾಲೆ ಬೇಗ ಬಿಡುತ್ತಿತ್ತು. ನಾನು ಬ್ಯಾಗು ಇಳಿಸುತ್ತಿದ್ದೆ, ಅಜ್ಜಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ ಮೂಗು ಅರಳಿಸಿ, "ಯಾರೋ ಬೆರಣಿ ಆಕವ್ರೆ!" ಎಂದು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ನಡೆದಳು. ನಾಚಿಕೆಯಿಂದ ಸಾಯುತ್ತಾ ನಾನು ಹಿಂದೆ ಓಡಿದೆ. ಪಕ್ಕದ ಮನೆಯ ಬಾಗಿಲು ತೆರೆದವಳು ಎಂಬತ್ತರ ಮುದುಕಿ. ತೆಳ್ಳಗೆ, ಎತ್ತರಕ್ಕೆ, ಉಣ್ಣೆಯ ಅಂಗಿಯ ತೋಳು ಮಡಚಿಕೊಂಡು. ಅವಳ ಗಂಡ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದದ್ದು, ಈಗ ಇಲ್ಲದ್ದು ಮಾತ್ರ ನಮಗೆ ಗೊತ್ತಿತ್ತು. ಅಜ್ಜಿ ಯಾರನ್ನೂ ಕೇಳದೆ ಒಳಹೊಕ್ಕು ಬೆಂಕಿಗೂಡಿನ ಮುಂದೆ ಕೂತೇಬಿಟ್ಟಳು. ಅಲ್ಲಿ ಉರಿಯುತ್ತಿದ್ದದ್ದು ಬೆರಣಿಯಲ್ಲ, ಅವರ ದೇಶದ ಜೌಗು ನೆಲದಿಂದ ಕೊಯ್ದು ಒಣಗಿಸಿದ, ಹುಲ್ಲು ಬೇರು ಕೊಳೆತು ಆದ ಮಣ್ಣಿನ ತುಂಡು. ಅದು ಸಗಣಿಯೇ ಎಂದು ಅಜ್ಜಿ ಕೇಳುತ್ತಿದ್ದಾಳೆ ಎಂದು ನಾನು ತೊದಲುತ್ತಾ ಇಂಗ್ಲಿಷಿನಲ್ಲಿ ಹೇಳಿದಾಗ ನೋರಾ ಕೆಮ್ಮು ಬರುವವರೆಗೆ ನಕ್ಕಳು. ಅವಳ ಸೀಮೆಯ ಮರವಿಲ್ಲದ ದ್ವೀಪಗಳಲ್ಲಿ ಬಡವರು ಸಗಣಿಯನ್ನೂ ಒಣಗಿಸಿ ಸುಡುತ್ತಿದ್ದರಂತೆ. ಅದನ್ನು ನಾನು ಅಜ್ಜಿಗೆ ತಿಳಿಸಿದೆ. ಅಜ್ಜಿ ನೋರಾಳ ಕೈ ಹಿಡಿದು, "ಅಂಗಾದ್ರೆ ನಮ್ಮೋಳೇ ಬುಡು" ಎಂದಳು.

ಆ ಮಣ್ಣಿನ ತುಂಡುಗಳನ್ನು ನೋರಾ ಅಂಗಡಿಯಿಂದ ತರಿಸುತ್ತಿದ್ದಳು, ವಾರಕ್ಕೊಂದೇ ಸುಡುತ್ತಿದ್ದಳು. ಯಾಕೆ ಆ ಅಕ್ಟೋಬರಿನಲ್ಲೇ ಶುರುವಾಯಿತೆಂದರೆ, ಊರಿನಲ್ಲಿದ್ದ ಅವಳ ತಮ್ಮ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಐರ್ಲೆಂಡಿನ ಪಶ್ಚಿಮದ ಕಡಲ ದಂಡೆಯ ಒಂದು ಪುಟ್ಟ ಊರು. ಒಂದು ಚರ್ಚು, ಅದರ ಸುತ್ತ ಐದಾರು ಹಟ್ಟಿಗಳು. ಅಲ್ಲಿಯವರ ಮಾತು ಇಂಗ್ಲಿಷಲ್ಲ, ಐರಿಷ್. ಪ್ರತಿ ಭಾನುವಾರ ತಮ್ಮನ ಜೊತೆ ಫೋನಿನಲ್ಲಿ ಆಡುತ್ತಿದ್ದ ಅರ್ಧ ಗಂಟೆಯ ಮಾತೇ ನೋರಾಳಿಗೆ ಉಳಿದಿದ್ದ ಐರಿಷ್. ಅವನು ಹೋದ ಮೇಲೆ ಆ ಊರಿನಲ್ಲೂ ಹಳೆಯ ಕತೆ ಬಲ್ಲವರು ಇಲ್ಲ, ಇದ್ದ ಮಕ್ಕಳೆಲ್ಲ ಇಂಗ್ಲಿಷಿನವರು. ಅವಳ ಅಜ್ಜಿಯ ಕಾಲದಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರಂತೆ. ಮನೆಮಾತಿನ ಒಂದು ಪದ ಬಾಯಿಂದ ಬಿದ್ದರೆ ಕೋಲಿಗೊಂದು ಗೀರು. ಸಂಜೆ ಶಾಲೆಯಲ್ಲಿ ಗೀರು ಎಣಿಸಿ ಏಟು. ಇದನ್ನು ನಾನು ಹೇಳಿದಾಗ ಅಜ್ಜಿ ಬೆರಗಾಗಿ, "ಮಾತಾಡುದ್ಕೆ ವೊಡೆಯಾದಾ?" ಎಂದಳು. ನೋರಾ ಬೆಂಕಿ ನೋಡುತ್ತಾ ಅಂದಳು: "ನನ್ನನ್ನು ಯಾರೂ ಹೊಡೀಲಿಲ್ಲ. ನನ್ನ ಮಕ್ಕಳ ಹತ್ರ ಒಂದು ದಿನವೂ ಐರಿಷ್ ಆಡಲಿಲ್ಲ ನಾನು. ಚೆನ್ನಾಗಿರಲಿ ಅಂತ. ನನಗೆ ಕೋಲೂ ಬೇಕಾಗಲಿಲ್ಲ." ಆ ಮಾತನ್ನು ಅಜ್ಜಿಗೆ ಕನ್ನಡ ಮಾಡಿ ಹೇಳಲು ನನಗೆ ಯಾಕೋ ಆಗಲಿಲ್ಲ. "ಏನೂ ಇಲ್ಲ" ಎಂದುಬಿಟ್ಟೆ.

ಅಂದಿನಿಂದ ಬುಧವಾರಗಳು ಅವರದಾದವು. ಮೊದಲ ಎರಡು ಮೂರು ವಾರ ನಾನು ಮಧ್ಯೆ ಕುಳಿತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸಿದೆ. ಆಮೇಲೆ ಒಂದು ದಿನ ಅಜ್ಜಿ ನನ್ನನ್ನು, "ನೀ ವೋಗಿ ವೋಮ್‌ವರ್ಕ್ ಮಾಡ್ಕೊ ಮಗ, ನಮ್ದು ನಡೀತದೆ" ಎಂದು ಎಬ್ಬಿಸಿದಳು. ನಾನು ಮೂಲೆಯ ಮೇಜಿಗೆ ಹೋಗಿ ಕುಳಿತೆ. ನೋರಾ, "ಫದೋ, ಫದೋ" ಎಂದು ಶುರು ಮಾಡಿದಳು. ಬಹಳ ಬಹಳ ಹಿಂದೆ ಎಂದು ಅರ್ಥ. ಪೂರ್ತಿ ಐರಿಷ್‌ನಲ್ಲಿ, ಕಣ್ಣು ಅರೆ ಮುಚ್ಚಿ, ಒಂದು ಕೈಯನ್ನು ನೀರು ತಳ್ಳುವಂತೆ ಆಡಿಸುತ್ತಾ. ಒಂದು ಮಾತು ಮುಗಿದು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಸರಿಯಾಗಿ ನನ್ನ ಅಜ್ಜಿ ಹೇಳಿದಳು: "ಹೂಂ." ನೋರಾ ಕಣ್ಣು ತೆರೆದು ಅವಳನ್ನು ನೋಡಿದಳು. ಅವಳ ಊರಿನಲ್ಲೂ ಕೇಳುವವರು ಹೀಗೆಯೇ "ಷಾ" ಅನ್ನಬೇಕಿತ್ತಂತೆ, ಇಲ್ಲದಿದ್ದರೆ ಹೇಳುವವರು ಮುಂದೆ ಹೋಗುತ್ತಿರಲಿಲ್ಲವಂತೆ. ಅದನ್ನು ಅವಳು ನನಗೆ ಹೇಳಿದ್ದು ಎಷ್ಟೋ ವಾರದ ನಂತರ. ಅವತ್ತು ಏನೂ ಹೇಳದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕಿವಿ ಮಂದ, ಎದುರಿಗೆ ಕುಳಿತು ಆಡಿದ್ದು ಮಾತ್ರ ಕೇಳುತ್ತಿತ್ತು. ಇಬ್ಬರ ಮೊಣಕಾಲೂ ತಾಗುವಷ್ಟು ಹತ್ತಿರವಾದ ಮೇಲೆ ಕತೆ ಮುಂದುವರಿಯಿತು. ನೋರಾಳದು ಮುಗಿದರೆ ಅಜ್ಜಿಯದು, ಅಜ್ಜಿಯದು ಮುಗಿದರೆ ನೋರಾಳದು. ನನಗೆ ಹೇಳದೆ ನಿಲ್ಲಿಸಿದ ಕೊಕ್ಕರೆ ರಾಣಿಯ ಕತೆಯನ್ನು ಅಜ್ಜಿ ಏಳು ಬುಧವಾರಗಳಲ್ಲಿ ಪೂರ್ತಿ ಆ ಮನೆಯಲ್ಲಿ ಹೇಳಿದಳು, ಕೊನೆಯನ್ನೂ ಹೇಳಿದಳು. ಹತ್ತಡಿ ದೂರದಲ್ಲಿ ನಾನಿದ್ದೆ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು.

ಈಗ ನೆನೆದರೆ ಕೈ ಕೈ ಹಿಸುಕಿಕೊಳ್ಳುತ್ತೇನೆ. ಆಗ ಅದು ನನಗೆ ತಮಾಷೆಯಾಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಇಬ್ಬರ ಅಣಕವನ್ನೂ ಮಾಡಿ ತೋರಿಸುತ್ತಿದ್ದೆ, ಅಪ್ಪ ಅಮ್ಮ ನಗುತ್ತಿದ್ದರು. "ಏನವ್ವ, ಅವರು ಹೇಳೋದು ನಿಂಗೇನ್ ಅರ್ಥ ಆಗುತ್ತೆ?" ಎಂದು ಅಮ್ಮ ಕೇಳಿದ್ದಕ್ಕೆ ಅಜ್ಜಿ ಮುದ್ದೆ ಮುರಿಯುತ್ತಾ, "ಅರ್ತ ಆಗ್ಬೇಕಾದೋರ್ಗೆ ಪುರುಸೊತ್ತಿಲ್ವಲ್ಲ. ಅವ್ಳು ಯೋಳ್ತಳೆ, ನಾನ್ ಕೂತ್ಕತೀನಿ" ಎಂದಳು. ಅಮ್ಮನ ನಗು ಅಲ್ಲಿಗೇ ನಿಂತಿತು. ನಾನೊಮ್ಮೆ ನೋರಾಳನ್ನೇ ಕೇಳಿದೆ, ಅವಳು ವಾರಗಟ್ಟಲೆ ಹೇಳುತ್ತಿದ್ದ ದೊಡ್ಡ ಕತೆಯಲ್ಲಿ ಏನಿದೆ ಎಂದು. "ಒಬ್ಬ ಮನುಷ್ಯ, ಒಂದು ಸಮುದ್ರ" ಎಂದು ನಿಲ್ಲಿಸಿದಳು. "ಇಂಗ್ಲಿಷಿಗೆ ತಂದರೆ ಅದರಲ್ಲಿ ಏನೂ ಉಳಿಯಲ್ಲ, ಅ ಸ್ತೋರ್." ಅ ಸ್ತೋರ್ ಎಂದರೆ ನನ್ನ ನಿಧಿಯೇ ಎಂದು. ಎಂಥ ನಿಧಿ ನಾನು!

ಎರಡು ವರ್ಷ ಹೀಗೆ ಕಳೆದ ಮೇಲೆ ನೋರಾ ಒಲೆಯ ಮೇಲೆ ಪಾತ್ರೆ ಮರೆಯತೊಡಗಿದಳು. ಟಕೋಮಾದಲ್ಲಿದ್ದ ಮಗಳು ಬಂದು, ಇನ್ನು ಒಬ್ಬಳೇ ಇರಬೇಡ, ನಮ್ಮ ಹತ್ತಿರದ ವೃದ್ಧರ ಮನೆಯಲ್ಲಿ ಜಾಗ ನೋಡಿದ್ದೇವೆ ಎಂದಳು. ಹೋಗುವ ಮುಂಚಿನ ವಾರ ನೋರಾ ನನ್ನನ್ನು ಕರೆದಳು. ನನಗೆ ಆಗ ಹದಿಮೂರು, ಅಪ್ಪನ ಹಳೆಯ ಫೋನು ನನ್ನದಾಗಿತ್ತು. "ಆ ಸಮುದ್ರದ ಕತೆ ನನ್ನ ತಾತ ಹೇಳಿದ್ದು. ಅವರಿಗೆ ಅವರ ತಾತ. ಈಗ ಅದು ನನ್ನೊಬ್ಬಳ ಹತ್ರ ಇದೆ. ನಿನ್ನ ಫೋನಿನಲ್ಲಿ ಹಾಕಿಕೊಳ್ತೀಯಾ? ಮುಂದೆ ಯಾರಾದರೂ ಕಲಿತವರು ಬಂದರೆ ಕೊಡು" ಎಂದಳು. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಬೇಡುವವರ ಹಿಡಿತ ಅದು. ನನಗೆ ಹೆಮ್ಮೆಯಾಯಿತು. ಯಾವುದನ್ನೂ ಅರ್ಧಂಬರ್ಧ ಮಾಡಬಾರದು ಎಂದು ಶಾಲೆಯ ಪ್ರಾಜೆಕ್ಟುಗಳಲ್ಲಿ ಕಲಿತಿದ್ದೆ. ರೆಕಾರ್ಡಿಂಗ್ ಶುದ್ಧವಾಗಿರಬೇಕು, ಒಂದೇ ಧ್ವನಿ ಇರಬೇಕು, ಮಧ್ಯೆ ಬೇರೆ ಸದ್ದು ಬರಬಾರದು.

ಹಾಗಾಗಿ ಆ ಬುಧವಾರ ನಾನು ಅಜ್ಜಿಯನ್ನು ಆ ಕೋಣೆಯಿಂದ ಎಬ್ಬಿಸಿದೆ. "ನೀನು ಹೂಂ ಹೂಂ ಅಂದರೆ ಎಲ್ಲ ಹಾಳಾಗುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಬೆರಳಿನಿಂದ ಬಾಯಿ ಮುಚ್ಚಿ ತೋರಿಸಿದೆ. ಅಜ್ಜಿಗೆ ಸರಿ ಕಾಣಲಿಲ್ಲ. "ಹೂಂಗುಟ್ಟೋರಿಲ್ದೆ ಅವ್ಳು ಎಂಗ್ ಯೋಳಾಳು ಮಗ?" ಎಂದಳು. ನಾನು ಮುಖ ಗಂಟಿಕ್ಕಿದೆ. ಓದಿದ ಮೊಮ್ಮಗಳು ಹೇಳುತ್ತಿದ್ದಾಳಲ್ಲ ಎಂದು ಅವಳು ಸೆರಗು ಹೊದ್ದು ನೋರಾಳ ಅಡುಗೆಮನೆಗೆ ಹೋದಳು. ಫೋನನ್ನು ನೋರಾಳ ಎದುರಿನ ಖಾಲಿ ಕುರ್ಚಿಯ ಮೇಲೆ ಇಟ್ಟು, ಒತ್ತಿ, ಕೋಣೆಯ ಎರಡೂ ಬಾಗಿಲು ಮುಚ್ಚಿ ನಾನು ಮನೆಯ ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಒಂದು ಗಂಟೆಯಾದ ಮೇಲೆ ಒಳಗೆ ಹೋದರೆ ನೋರಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಕುರ್ಚಿಯನ್ನು ನೋಡುತ್ತಾ ಕುಳಿತಿದ್ದಳು. ಬೆಂಕಿ ಆರಿತ್ತು. "ಆಗಲಿಲ್ಲ, ಅ ಸ್ತೋರ್. ಅಲ್ಲಿ ಯಾರೂ ಇರಲಿಲ್ಲ" ಎಂದಳು. ಪರವಾಗಿಲ್ಲ, ಶನಿವಾರ ಮತ್ತೆ ಮಾಡೋಣ ಎಂದೆ. ಶುಕ್ರವಾರವೇ ಮಗಳು ಬಂದು ಕರೆದುಕೊಂಡು ಹೋದಳು. ಮುಂದಿನ ಚಳಿಗಾಲದಲ್ಲಿ ನೋರಾ ತೀರಿಕೊಂಡಳೆಂದು ಒಂದು ಕಾರ್ಡು ಬಂತು.

ಅಜ್ಜಿ ಬುಧವಾರಗಳಲ್ಲಿ ಕಿಟಕಿಯ ಹತ್ತಿರ ಕೂರುವುದನ್ನು ಬಿಡಲಿಲ್ಲ. ಒಂದು ದಿನ ನಾನು ಓದುತ್ತಿದ್ದ ಕೋಣೆಯ ಬಾಗಿಲಿಗೆ ಬಂದು, "ಮಗ, ಕೊಕ್ಕರೆ ರಾಣಿ ಕತೆ ಯೋಳ್ಲಾ? ನೀನ್ ಸುಮ್ಕೆ ಹೂಂಗುಟ್ಟು, ವಸಿ ಸಾಕು" ಎಂದಳು. ಅವಳೇ ಬಂದು ಕೇಳಿದ್ದಳು, ನೋಡಿ. "ಲೇಟರ್, ಅಜ್ಜಿ" ಎಂದೆ ನಾನು. ನನಗೆ ಪರೀಕ್ಷೆ ಇತ್ತು. ಅವಳಿಗೆ ಪಾರ್ಶ್ವವಾಯು ಬಡಿದು ಮೊದಲು ಮಾತು ಹೋಯಿತು, ನಾಲ್ಕು ತಿಂಗಳಿಗೆ ಅವಳೂ ಹೋದಳು. ಹುಟ್ಟುಹಬ್ಬದ ವಿಡಿಯೋಗಳಲ್ಲೆಲ್ಲ ಅವಳು ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಾಳೆ, ಒಂದರಲ್ಲೂ ಬಾಯಿ ಬಿಟ್ಟಿಲ್ಲ. ಕಾಲೇಜಿಗೆ ಹೋದ ಮೇಲೆ ನಾನು ಹಟ ಹಿಡಿದು ಮತ್ತೆ ಕನ್ನಡ ಓದಿದೆ, ಬರೆದೆ, ಈಗ ನೀವು ಓದುತ್ತಿರುವಷ್ಟರ ಮಟ್ಟಿಗೆ ಕೈ ಹಿಡಿಯಿತು. ಏನು ಪ್ರಯೋಜನ? ಭಾಷೆ ಬಂದಾಗ ಹೇಳುವವರು ಇರಲಿಲ್ಲ.

ಮದುವೆಮನೆಯ ಆ ಬೆಳಿಗ್ಗೆ ಕಲ್ಲಿನಿಂದ ಎದ್ದವಳೇ ಅಜ್ಜಿಯ ತಂಗಿ ಚಿಕ್ಕಜ್ಜಿಯನ್ನು ಹುಡುಕಿದೆ. ರಾಣಿ ಕೊಕ್ಕು ತೆರೆದು ಮಗನಿಗೆ ಏನು ಹೇಳಿದಳು, ಅದೊಂದನ್ನು ಹೇಳು ಎಂದು ಅವಳ ಕಾಲ ಬಳಿ ಕುಳಿತು ಕೇಳಿದೆ. ಚಿಕ್ಕಜ್ಜಿ ನನ್ನ ತಲೆ ಸವರಿದಳು. "ಅದ ನಮ್ಮಕ್ಕುನ್ಗೆ ನಮ್ಮವ್ವ ಯೋಳ್ಕೊಟ್ಟಿದ್ಲು ಕನವ್ವ. ನಾವೆಲ್ಲ ಟೀವಿ ಬಂದ್ಮೇಕೆ ಕೂರ್ನೇ ಇಲ್ವಲ್ಲ. ಈ ಊರಲ್ಲಿ ಇನ್ಯಾರ್ಗೂ ಗೊತ್ತಿಲ್ಲ" ಎಂದಳು. ರಾಣಿ ಇನ್ನೂ ಕೆರೆಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಳೆ. ಮಗ ಏರಿಯ ಮೇಲಿದ್ದಾನೆ. ಅವರನ್ನು ಅಲ್ಲಿಂದ ಕದಲಿಸುವವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ.

ವಾಪಸ್ಸು ಬಂದ ಮೇಲೆ, ಒಂದು ಫೋನಿನಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಂದಿದ್ದ, ಒಂದು ನಿಮಿಷಕ್ಕಿಂತ ಹೆಚ್ಚು ಎಂದೂ ಕೇಳದ ಆ ರೆಕಾರ್ಡಿಂಗನ್ನು ತೆರೆದೆ. ದೊಡ್ಡ ಹೆಡ್‌ಫೋನ್ ಹಾಕಿ ಸದ್ದು ಪೂರ್ತಿ ಏರಿಸಿದೆ. "ಫದೋ, ಫದೋ" ಎನ್ನುತ್ತಾಳೆ ನೋರಾ. ನಿಲ್ಲುತ್ತಾಳೆ. ಆ ನಿಲುಗಡೆಯಲ್ಲಿ, ಬಹಳ ದೂರದಲ್ಲಿ, ಮುಚ್ಚಿದ ಬಾಗಿಲ ಆಚೆಯಿಂದ, "ಹೂಂ." ನಾನು ತಪ್ಪಾಗಿ ಕೇಳಿದೆನೇನೋ ಎಂದುಕೊಂಡೆ. ನೋರಾ ಇನ್ನೆರಡು ಮಾತು ಹೇಳಿ ಮತ್ತೆ ಕಾಯುತ್ತಾಳೆ. ಮತ್ತೆ, "ಹೂಂ." ಅಜ್ಜಿ ಅಡುಗೆಮನೆಯ ಕಡೆಯ ಬಾಗಿಲಿಗೆ ಆಚೆಯಿಂದ ಒರಗಿ ನಿಂತಿದ್ದಳು. ನೋರಾಳ ಮಂದ ಕಿವಿಗೆ ಅದು ಮುಟ್ಟಲಿಲ್ಲ. ಖಾಲಿ ಕುರ್ಚಿಯ ಮೇಲಿದ್ದ ಫೋನಿಗೆ ಮಾತ್ರ ಎಲ್ಲವೂ ಮುಟ್ಟಿತ್ತು. ಹನ್ನೊಂದನೆಯ ನಿಮಿಷಕ್ಕೆ ನೋರಾಳ ಧ್ವನಿ ಕುಗ್ಗಿ ನಿಂತುಹೋಗುತ್ತದೆ. ಅಜ್ಜಿ ನಿಲ್ಲಿಸಲಿಲ್ಲ. ಆ ಮೌನದೊಳಕ್ಕೆ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಹೂಂ ಅನ್ನುತ್ತಲೇ ಇದ್ದಾಳೆ, ಮುಕ್ಕಾಲು ಗಂಟೆ. ಅಜ್ಜಿಯ ಧ್ವನಿಯಾಗಿ ನನ್ನ ಬಳಿ ಉಳಿದಿರುವುದು ಅಷ್ಟೇ. ಕೊನೆಗೆ ತಡೆಯಲಾರದೆ ಕೇಳುತ್ತಾಳೆ, "ಆಮೇಕೆ? ಆಮೇಕೇನಾಯ್ತು, ನೋರವ್ವ?" ಹೊರಬಾಗಿಲು ತೆರೆದ ಸದ್ದು, ಹತ್ತಿರವಾಗುವ ಹೆಜ್ಜೆ. ನಂತರ ಫೋನಿಗೆ ಬಹಳ ಹತ್ತಿರದಿಂದ, ಸ್ಪಷ್ಟವಾಗಿ, ಅವಸರದ ಒಂದು ಹುಡುಗಿಯ ಧ್ವನಿ: "ಆರ್ ಯು ಡನ್?"